ಕಂಬಂ ಕಣಿವೆಯ ಸಿರಿ, ಏಲಕ್ಕಿ ತೋಟದ ಕೂಲಿ

ತಪ್ಪು ಕಲ್ಪನೆ: ಒಂದು ಸೀಮೆಗೆ ಸಿರಿ, ಇನ್ನೊಂದಕ್ಕೆ ಬಡತನ. ಅದು ದೇವರು ಕೊಟ್ಟ ನೆಲ-ನೀರಿನ ಲೆಕ್ಕ, ಅದರಲ್ಲಿ ನ್ಯಾಯ-ಅನ್ಯಾಯದ ಮಾತೆಲ್ಲಿ?

ವಾಸ್ತವ: ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಮನೆಮಾತು ಕನ್ನಡವಾದ ಕಪ್ಪಿಲಿಯರೂ ಬಾಳುವ ಕಂಬಂ ಕಣಿವೆಯನ್ನೇ ನೋಡಿ. ಘಟ್ಟದ ಮಳೆನೆರಳಿನ ಈ ನೆಲದಲ್ಲಿ ಇಂದು ಭತ್ತ, ಬಾಳೆ, ದ್ರಾಕ್ಷಿ ನಳನಳಿಸುತ್ತಿರುವುದು ಪೆರಿಯಾರ್ ಹೊಳೆಯ ನೀರಿನಿಂದ. ಆ ಹೊಳೆ ಹರಿಯುವುದು ಪಶ್ಚಿಮಕ್ಕೆ, ಅರಬ್ಬಿ ಸಮುದ್ರಕ್ಕೆ. 1886ರಲ್ಲಿ ತಿರುವಾಂಕೂರು ಸಂಸ್ಥಾನ ಅಣೆಕಟ್ಟಿನ ಜಲಾಶಯಕ್ಕೆಂದು 8,000 ಎಕರೆಯನ್ನು ಎಕರೆಗೆ ವರ್ಷಕ್ಕೆ 5 ರೂಪಾಯಿಯಂತೆ 999 ವರ್ಷಗಳಿಗೆ ಬ್ರಿಟಿಷರಿಗೆ ಗುತ್ತಿಗೆ ಬರೆದುಕೊಟ್ಟಿತು. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಕಟ್ಟಿಸಿದ ಮುಲ್ಲಪೆರಿಯಾರ್ ಅಣೆಕಟ್ಟು 1895ರಲ್ಲಿ ಮುಗಿದು, ಹೊಳೆಯ ನೀರಿನ ಒಂದು ಪಾಲು ಸುರಂಗ ಹಾದು ಪೂರ್ವಕ್ಕೆ ತಿರುಗಿತು. (ತೇನಿಯ ರೈತರು ಇಂದಿಗೂ ಆ ಎಂಜಿನಿಯರನ ಪಟಕ್ಕೆ ಹಾರ ಹಾಕುತ್ತಾರೆ, ಹಣೆಬರಹಕ್ಕೆ ಯಾರೂ ಹಾರ ಹಾಕಿದ್ದಿಲ್ಲ.) ಗುತ್ತಿಗೆಯ ದರ 1970ರಲ್ಲಿ ಎಕರೆಗೆ 30 ರೂಪಾಯಿಗೆ ಏರಿತು. ಮನುಷ್ಯರು ಬರೆದದ್ದನ್ನು ಮನುಷ್ಯರೇ ತಿದ್ದಿದರು.

ತಪ್ಪು ಕಲ್ಪನೆ: ಮೈಮುರಿದು ದುಡಿದರೆ ಬಡತನ ತಾನಾಗಿ ಕಳೆಯುತ್ತದೆ.

ವಾಸ್ತವ: ಹಾಗಿದ್ದರೆ ಏಲಕ್ಕಿ ಕೊಯ್ಯುವ ಹೆಂಗಸರಿಗಿಂತ ಸಿರಿವಂತರು ಇರಬಾರದಿತ್ತು. ಈ ಕಣಿವೆಯಿಂದ ನಸುಕಿಗೇ ಜೀಪು ಹತ್ತಿ, ಕಂಬಂ ಮೆಟ್ಟು, ಬೋಡಿ ಮೆಟ್ಟು ಎಂಬ ಘಟ್ಟದ ದಾರಿಗಳನ್ನು ದಾಟಿ, ಕೇರಳದ ಇಡುಕ್ಕಿಯ ತೋಟಗಳಲ್ಲಿ ಬಗ್ಗಿದ ಬೆನ್ನು ಎತ್ತದೆ ದುಡಿದು ಸಂಜೆ ಊರಿಗೆ ಮರಳುತ್ತಾರೆ. ಬೆಲೆ ಕೂಗುವುದು ಬೋಡಿನಾಯಕನೂರು, ಪುತ್ತಡಿಯ ಹರಾಜುಗಳಲ್ಲಿ. ದೂರದ ಗ್ವಾಟೆಮಾಲಾದ ಏಲಕ್ಕಿ ಫಸಲು ಹೆಚ್ಚಿದರೂ ಕುಗ್ಗಿದರೂ ಅದು ಅಲುಗುತ್ತದೆ. 2019ರ ಆಗಸ್ಟಿನಲ್ಲಿ ಪುತ್ತಡಿಯಲ್ಲಿ ಕಿಲೋ ಏಲಕ್ಕಿ 7,000 ರೂಪಾಯಿ ಮುಟ್ಟಿದಾಗ ಕೊಯ್ಯುವವರ ಕೂಲಿ ಅದರ ಹಿಂದೆ ಓಡಲಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ಅಂತರವೆಲ್ಲವೂ ಅನ್ಯಾಯ.

ವಾಸ್ತವ: ಅಲ್ಲ. ಪನ್ನೀರ್ ದ್ರಾಕ್ಷಿ ಬೆಳೆದು ಪಕ್ಕದ ಹೊಲದವನಿಗಿಂತ ನಾಲ್ಕು ಕಾಸು ಹೆಚ್ಚು ಕಂಡವನು ಯಾರದನ್ನೂ ಕಸಿದಿಲ್ಲ. ಕೂಲಿ, ಬೆಲೆ, ಕರಾರು ಗೊತ್ತುಮಾಡುವ ಜಾಗದಲ್ಲಿ ದುಡಿಯುವವರ ದನಿಯೇ ಇಲ್ಲದಿದ್ದರೆ ಮಾತ್ರ ಅದು ಅನ್ಯಾಯ ಎಂಬುದು ನನ್ನ ಎಣಿಕೆ.

ತಪ್ಪು ಕಲ್ಪನೆ: ಜಗತ್ತಿನ ಮಾರುಕಟ್ಟೆಯನ್ನು ಇಲ್ಲಿಂದ ಕೇಳುವವರು ಯಾರು?

ವಾಸ್ತವ: ಪಕ್ಕದ ದಿಂಡಿಗಲ್ ಜಿಲ್ಲೆಯ ಹೆಂಗಸರು ಕೇಳಿದರು. ಅಲ್ಲಿನ ಸಿದ್ಧ ಉಡುಪು ಕಾರ್ಖಾನೆಯ ದಲಿತ ಕಾರ್ಮಿಕೆಯೊಬ್ಬಳ ಕೊಲೆ 2021ರ ಜನವರಿಯಲ್ಲಿ ನಡೆಯಿತು. ಆರೋಪ ಹೊತ್ತವನು ಮೇಲ್ವಿಚಾರಕ. ದಲಿತ ಮಹಿಳೆಯರೇ ಮುನ್ನಡೆಸುವ ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ ಪಟ್ಟುಹಿಡಿಯಿತು. 2022ರ ಏಪ್ರಿಲ್‌ನಲ್ಲಿ ಕಾರ್ಖಾನೆಯ ಒಡೆತನದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಹಾಗೂ ಸ್ವೀಡನ್ನಿನ ಉಡುಪು ಬ್ರಾಂಡ್ ಎಚ್ ಅಂಡ್ ಎಂ ಸಹಿ ಹಾಕಿ ದಿಂಡಿಗಲ್ ಒಪ್ಪಂದವಾಯಿತು. ಅದರಂತೆ ಕಿರುಕುಳದ ಮೇಲೆ ಕಣ್ಣಿಡುವ ಹೊಣೆ ತರಬೇತಿ ಪಡೆದ ಕಾರ್ಮಿಕರದೇ ಆಯಿತು. ಕಾರ್ಖಾನೆ ಮಾತು ತಪ್ಪಿದರೆ ವಿದೇಶಿ ಬ್ರಾಂಡ್ ತನ್ನ ವ್ಯಾಪಾರದ ಬಿಗಿ ತೋರಿಸಲೇಬೇಕಿತ್ತು. ಅಮೆರಿಕದ ಗ್ಯಾಪ್, ಪಿವಿಎಚ್ ಕಂಪನಿಗಳೂ ಆಮೇಲೆ ಸಹಿ ಹಾಕಿದವು.