ಇನಿಶಿಯೇಟಿವ್: ಯಾರೂ ಹೇಳದೆ ಹೊತ್ತ ಕೊಡ

ಬೆಂಗಳೂರಿನ ಪಡುವಣಕ್ಕಿದ್ದೂ ಒಂದು ಬಡಾವಣೆಯ ಹೆಸರು ಮೂಡಲಪಾಳ್ಯ! ಹೆಸರು ನಂಬಿದರೆ ದಿಕ್ಕು ತಪ್ಪುತ್ತದೆ. ಇಂಗ್ಲಿಷಿನ ‘ಇನಿಶಿಯೇಟಿವ್’ ಕೂಡ ಹೀಗೇ ಯಾಮಾರಿಸುವ ಪದ. ಬಯೋಡೇಟಾಗಳಲ್ಲೆಲ್ಲ ಅದಿರುತ್ತದೆ, ಅರ್ಥ ಕೇಳಿದರೆ ತಡವರಿಕೆ.

ಮೂಲ, ಲ್ಯಾಟಿನ್ನಿನ ‘ಇನಿಟಿಯಂ’, ಅಂದರೆ ಆರಂಭ. ಪದದ ಅರ್ಥ, ಯಾರೂ ಹೇಳದಿದ್ದರೂ ತಾನೇ ಮುಂದಾಗುವುದು. ‘ಶಿ ಟುಕ್ ದಿ ಇನಿಶಿಯೇಟಿವ್’ ಎನ್ನಬೇಕು, ‘ಡಿಡ್’ ಹೊಂದುವುದಿಲ್ಲ.

ಉದಾಹರಣೆ ಬೇಕೇ? ಮಾಗಡಿ ತಾಲ್ಲೂಕಿಗೆ ಹೋದರೆ ಸಾಕು. ಹುಲಿಕಲ್–ಕುದೂರು ರಸ್ತೆಯ ಬದಿಗೆ ಸಾಲುಮರದ ತಿಮ್ಮಕ್ಕ, ಪತಿ ಚಿಕ್ಕಯ್ಯ ಆಲದ ಸಸಿ ನೆಟ್ಟರು. ಸರ್ಕಾರದ ಆದೇಶವಿಲ್ಲ, ಕೂಲಿಯೂ ಇಲ್ಲ. ಕೊಡದಲ್ಲಿ ನೀರು ಹೊತ್ತರು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು.

ಮರಗಳ ಲೆಕ್ಕ 385. ತಿಮ್ಮಕ್ಕನವರಿಗೆ ಪದ್ಮಶ್ರೀ ಬಂದದ್ದು ಮಾತ್ರ 2019ರಲ್ಲಿ.