ರಕ್ತದಲ್ಲಿ ಅಲೆಯುವ ಅರ್ಬುದ ಕಣಗಳು

ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿದ್ದ ತಾಯಿಯೊಬ್ಬರನ್ನು ಅವರ ಮಗ ಈಚೆಗೆ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಅವರ ಕೈಯಲ್ಲೊಂದು ರಕ್ತಪರೀಕ್ಷೆಯ ವರದಿ. ಅದರಲ್ಲಿ ಕ್ಯಾನ್ಸರ್ ಜೀವಕೋಶಗಳ ಸಂಖ್ಯೆ ಸೊನ್ನೆ. “ರೋಗ ಹೋಯಿತಲ್ಲವೇ ಡಾಕ್ಟರೇ? ಇನ್ನು ನಿಮ್ಮ ಕಷಾಯವಷ್ಟೇ ಸಾಕಲ್ಲವೇ?” ಎಂದರು. ಆ ಸೊನ್ನೆಯ ನಿಜವಾದ ಅರ್ಥವನ್ನು ಎಲ್ಲರೂ ತಿಳಿಯುವುದು ಲೇಸೆಂದು ಈ ಲೇಖನ.

ಒಂದು ಅರ್ಬುದವಿರುವಾಗ ಮತ್ತೊಂದು ಹುಟ್ಟುವುದನ್ನು ಸುಶ್ರುತಾಚಾರ್ಯರು ಗುರುತಿಸಿದ್ದರು. ಗಡ್ಡೆಯಿಂದ ಕಳಚಿದ ಜೀವಕೋಶಗಳು ರಕ್ತದಲ್ಲಿ ಸಂಚರಿಸುತ್ತವೆ ಎಂಬುದು ಆಧುನಿಕ ಶೋಧ. 1869ರಲ್ಲಿ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್ ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದರು.

ಇವು ಅತಿ ವಿರಳ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳೂ ಹಲವು ದಶಲಕ್ಷ ಬಿಳಿ ಕಣಗಳೂ ಇರುತ್ತವೆ. ಅವುಗಳ ನಡುವೆ ಅರ್ಬುದದ ಕಣ ಒಂದೋ ಎರಡೋ ಸಿಕ್ಕೀತು. ಆದುದರಿಂದ ನೋಡುವ ಕಣ್ಣಿಗಿಂತ ಮೊದಲು ಸಿದ್ಧಗೊಳಿಸುವ ಕೈ ಪಳಗಿರಬೇಕು.

ಎಚ್ಚರಿಕೆ ಸೂಜಿ ಚುಚ್ಚುವಾಗಲೇ ಆರಂಭವಾಗುತ್ತದೆ. ಚರ್ಮದ ಕೋಶಗಳು ಬೆರೆತು ತಪ್ಪು ತೋರಬಾರದೆಂದು ಮೊದಲು ಬಂದ ರಕ್ತವನ್ನು ಈ ಪರೀಕ್ಷೆಗೆ ಬಳಸುವುದಿಲ್ಲ. ನಳಿಕೆಯನ್ನು ಕುಲುಕದೆ ಮೆಲ್ಲನೆ ತಲೆಕೆಳಗು ಮಾಡಿ ಬೆರೆಸಬೇಕು. ಸಾಮಾನ್ಯ ನಳಿಕೆಯ ರಕ್ತವನ್ನು ಕೆಲವೇ ತಾಸುಗಳಲ್ಲಿ ಸಂಸ್ಕರಿಸಬೇಕು; ಕೋಶಗಳನ್ನು ಕಾಪಾಡುವ ವಿಶೇಷ ದ್ರಾವಣದ ನಳಿಕೆಯಲ್ಲಾದರೆ ಕೋಣೆಯ ಉಷ್ಣತೆಯಲ್ಲಿ 96 ತಾಸು ಇಡಬಹುದು.

ಮುಂದಿನದು ಬೇರ್ಪಡಿಸುವಿಕೆ. ಕೆಲವೆಡೆ ಕೋಶದ ಮೇಲ್ಮೈಯ ಎಪ್‌ಕ್ಯಾಮ್ ಎಂಬ ಪ್ರೋಟೀನಿಗೆ ಅಂಟುವ ಕಾಂತೀಯ ಕಣಗಳಿಂದ ಅವನ್ನು ಸೆಳೆಯುತ್ತಾರೆ. ಕೆಲವೆಡೆ ಸುಮಾರು 8 ಮೈಕ್ರೋಮೀಟರ್ ರಂಧ್ರದ ಜರಡಿಯಲ್ಲಿ ಸೋಸುತ್ತಾರೆ. ಪ್ರತಿ ಬಾರಿ ತೊಳೆಯುವಾಗಲೂ ತಿರುಗಿಸುವಾಗಲೂ ಒಂದಷ್ಟು ಕೋಶಗಳು ನಷ್ಟವಾಗುತ್ತವೆ, ಇಲ್ಲವೇ ನಳಿಕೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ಹಂತಗಳನ್ನು ಕಡಿಮೆ ಮಾಡುವುದು, ಅಂಟದ ಲೇಪವುಳ್ಳ ನಳಿಕೆ ಬಳಸುವುದು, ಸ್ಲೈಡಿನ ಮೇಲೆ ಒಂದೇ ಪದರವಾಗಿ ಹರಡುವುದು ಮುಖ್ಯ ಸುಧಾರಣೆಗಳು. ಬಳಿಕ ಬಣ್ಣ ಹಾಕಿ, ಸೈಟೋಕೆರಟಿನ್ ಪ್ರೋಟೀನೂ ಕೋಶಕೇಂದ್ರವೂ ಉಳ್ಳ, ಆದರೆ ಬಿಳಿ ಕಣದ ಗುರುತಾದ ಸಿಡಿ45 ಇಲ್ಲದ ಕೋಶವನ್ನು ಎಣಿಕೆಗೆ ಹಿಡಿಯುತ್ತಾರೆ.

ಪ್ರಯೋಗಾಲಯದ ಪ್ರಾಮಾಣಿಕತೆಗೆ ಒರೆಗಲ್ಲೊಂದಿದೆ: ಆರೋಗ್ಯವಂತರ ರಕ್ತಕ್ಕೆ ಎಣಿಸಿದಷ್ಟು ಕ್ಯಾನ್ಸರ್ ಕೋಶಗಳನ್ನು ಬೆರೆಸಿ, ಕೊನೆಗೆ ಎಷ್ಟು ಮರಳಿ ದೊರೆತವೆಂದು ನೋಡುವುದು.

ಹಾಗಾದರೆ ಸೊನ್ನೆಯ ಅರ್ಥವೇನು? ಬಹುಬಳಕೆಯ ವಿಧಾನವೊಂದರಲ್ಲಿ ಪರೀಕ್ಷಿಸುವುದು 7.5 ಮಿಲಿಲೀಟರ್ ಮಾತ್ರ. ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ. ಎಪ್‌ಕ್ಯಾಮ್ ಕಳೆದುಕೊಂಡ ಕೋಶಗಳು ಕಾಂತಕ್ಕೆ ಸಿಗದೆ ಜಾರುತ್ತವೆ. ದೇಹದ ಇತರ ಭಾಗಗಳಿಗೆ ಹರಡಿದ ಸ್ತನ ಕ್ಯಾನ್ಸರಿನಲ್ಲಿ ಅಷ್ಟು ರಕ್ತಕ್ಕೆ 5 ಅಥವಾ ಹೆಚ್ಚು ಕೋಶಗಳು ಕಂಡರೆ ರೋಗ ತೀವ್ರವೆಂಬ ಸೂಚನೆ, ಕಡಿಮೆಯಾದರೆ ಆಶಾದಾಯಕ. ಆದರೆ ಸೊನ್ನೆ ಎಂದರೆ ‘ಸಿಗಲಿಲ್ಲ’ ಎಂದೇ ಹೊರತು ‘ಇಲ್ಲ’ ಎಂದಲ್ಲ.

ಆ ತಾಯಿಗೆ ಕಷಾಯವನ್ನು ಬರೆದುಕೊಡದೆ, ಅವರ ಕ್ಯಾನ್ಸರ್ ತಜ್ಞರ ಬಳಿಗೇ ಮರಳಿ ಕಳುಹಿಸಿದೆವು. ವೈದ್ಯನು ತನ್ನ ಔಷಧದ ಎಲ್ಲೆಯನ್ನು ಅರಿಯುವುದೂ ವೈದ್ಯಧರ್ಮವೇ. ಅವರೀಗ ಚಿಕಿತ್ಸೆಯನ್ನು ಮುಂದುವರಿಸಿದ್ದಾರೆ. ಇಂಥ ವರದಿ ತಮ್ಮ ಕೈಸೇರಿದರೆ ಸಂಖ್ಯೆಯೊಂದನ್ನೇ ನಂಬಿ ಔಷಧ ನಿಲ್ಲಿಸಬೇಡಿರೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.