ಮಗುಚಿದ ಕಲ್ಲಿನಡಿ 55 ಕೋಟಿ ವರ್ಷ

1946. ದಕ್ಷಿಣ ಆಸ್ಟ್ರೇಲಿಯದ ಫ್ಲಿಂಡರ್ಸ್ ಪರ್ವತಸಾಲಿನ ಪಡುವಣ ಅಂಚಿನಲ್ಲಿ ಎಡಿಯಾಕರ ಎಂಬ ಬೋಳು ಗುಡ್ಡಗಳು. ಸರ್ಕಾರದ ಭೂವಿಜ್ಞಾನಿ ರೆಗ್ ಸ್ಪ್ರಿಗ್ ಅಲ್ಲಿಗೆ ಹೋದದ್ದು ಪಳೆಯುಳಿಕೆ ಹುಡುಕಲಿಕ್ಕಲ್ಲ, ಪಾಳುಬಿದ್ದ ಸೀಸ-ಬೆಳ್ಳಿಯ ಗಣಿಗಳನ್ನು ಮತ್ತೆ ತೆರೆದರೆ ಗಿಟ್ಟೀತೇ ಎಂದು ನೋಡಿ ವರದಿ ಕೊಡಲಿಕ್ಕೆ. ವಯಸ್ಸು ಇಪ್ಪತ್ತೇಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗಲೇ ಅದು ಕಣ್ಣಿಗೆ ಬಿತ್ತು ಎಂದು ಈ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಮರಳುಗಲ್ಲಿನ ಒಂದು ಚಪ್ಪಡಿ, ಅದರ ಮೈಮೇಲೆ ದುಂಡಗಿನ ಗುರುತು. ಪಕ್ಕದ ಚಪ್ಪಡಿ ಮಗುಚಿದರೆ ಇನ್ನೊಂದು, ಆಚೆಯದನ್ನು ಮಗುಚಿದರೆ ಮತ್ತೊಂದು! ಲೋಳೆಮೀನಿನಂಥ ಮೆತ್ತನೆಯ ಮೈಯ ಅಚ್ಚುಗಳು, ಅದೂ ಅಂಥವು ಇರಲೇಬಾರದಷ್ಟು ಹಳೆಯ ಕಲ್ಲಿನಲ್ಲಿ.

ಇರಲೇಬಾರದು ಎಂದು ಅಂದಿನ ವಿಜ್ಞಾನ ಯಾಕೆ ಅಂದುಕೊಂಡಿತ್ತು? ಭೂಮಿಯ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಬನ್ನಿ. ಕೇಂಬ್ರಿಯನ್ ಯುಗದ ಪದರಗಳಿಗೆ ಬಂದದ್ದೇ ತಡ, ಚಿಪ್ಪಿನ ಜೀವಿಗಳು, ಕಾಲುಗಳಿರುವ ಜೀವಿಗಳು, ಕಣ್ಣಿರುವ ಟ್ರೈಲೊಬೈಟ್‌ಗಳು ತುಂಬಿಕೊಂಡು ಎದುರಾಗುತ್ತವೆ. ಅದಕ್ಕೂ ಕೆಳಗೆ, ಕೋಟಿ ಕೋಟಿ ವರ್ಷಗಳ ದಪ್ಪದ ಕಲ್ಲು ಬರಿದೋ ಬರಿದು. ಇಷ್ಟೆಲ್ಲ ಅಂಗಾಂಗಗಳ ಪ್ರಾಣಿಗಳು ತಾಯಿಯಿಲ್ಲದೆ ಹುಟ್ಟಿದವೇ? ಈ ಬರಿದು ತನ್ನ ವಾದಕ್ಕೇ ತೊಡಕು ಎಂದು ಡಾರ್ವಿನ್ 1859ರಲ್ಲೇ ಬರೆದಿದ್ದ. ಎಂಬತ್ತೇಳು ವರ್ಷಗಳಾದ ಮೇಲೆ, ಗಣಿ ನೋಡಲು ಹೋದ ತರುಣನೊಬ್ಬ ಆ ಪ್ರಶ್ನೆಯ ಉತ್ತರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ!

ಎಲುಬಿಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ. ದಡಕ್ಕೆ ಬಿದ್ದ ಲೋಳೆಮೀನು ಬಿಸಿಲಿಗೆ ಎಷ್ಟು ಹೊತ್ತು ಉಳಿದೀತು? ಅಂಥ ಮೈ ಒರಟು ಮರಳಿನಲ್ಲಿ 55 ಕೋಟಿ ವರ್ಷ ಹೇಗೆ ಉಳಿಯಿತು ಎಂಬ ವಿವರ ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಕಾಲದ ಕಡಲ ತಳದಲ್ಲಿ ಬಿಲ ಕೊರೆಯುವ ಹುಳುಗಳಾಗಲಿ ಹೆಣ ತಿನ್ನುವ ಬಾಯಿಗಳಾಗಲಿ ಇಲ್ಲವೆನ್ನುವಷ್ಟು ಕಡಿಮೆ. ತಳದ ತುಂಬ ಸೂಕ್ಷ್ಮಜೀವಿಗಳ ಅಂಟು ಅಂಟಾದ ಹಾಸು, ಅದರ ಮೇಲೆ ಈ ಜೀವಿಗಳು. ಬಿರುಗಾಳಿಗೆ ಕಲಕಿದ ಮರಳು ಒಮ್ಮೆಲೇ ಬಂದು ಎಲ್ಲವನ್ನೂ ಹೂಳುತ್ತದೆ. ಹಾಸು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಬಿಡುವ ಗಂಧಕದ ಅನಿಲ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಗುತ್ತದೆ, ಅದು ಮೇಲಿನ ಮರಳಿನ ಕೆಳಮೈಯನ್ನು ಬಿಗಿಯುತ್ತದೆ. ಒಳಗಿನ ಜೀವಿ ಕರಗಿಹೋಗುವ ಹೊತ್ತಿಗೆ ಅದರ ಅಚ್ಚು ಗಟ್ಟಿಯಾಗಿರುತ್ತದೆ. ಆಸ್ಟ್ರೇಲಿಯದ ವಿಜ್ಞಾನಿ ಜಿಮ್ ಗೆಲಿಂಗ್ 1999ರಲ್ಲಿ ಇದಕ್ಕೆ ‘ಸಾವಿನ ಮುಖವಾಡ’ ಎಂದು ಹೆಸರಿಟ್ಟ. ಹಾಗಾಗಿ ಅಚ್ಚುಗಳು ಹೆಚ್ಚಾಗಿ ಇರುವುದು ಚಪ್ಪಡಿಯ ಕೆಳಮೈಯಲ್ಲಿ. ಮಗುಚದೆ ಕಾಣುವುದಿಲ್ಲ. ಮಗುಚಿದರೂ ನಡುಹಗಲಿನ ನೆತ್ತಿ ಬಿಸಿಲಿಗೆ ಅವು ಮಾಸಿಹೋಗುತ್ತವೆ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಎದ್ದು ನಿಲ್ಲುತ್ತವೆ. ಹಾಗಿದ್ದೂ ಸ್ಪ್ರಿಗ್ ಕಂಡ!

ಕಾಣುವ ಕಣ್ಣು ಮೊದಲೇ ಪಳಗಿತ್ತು. ಸ್ಪ್ರಿಗ್ ಹುಟ್ಟಿದ್ದು 1919ರಲ್ಲಿ, ಕಡಲ ಬದಿಯ ಸ್ಟ್ಯಾನ್ಸ್‌ಬರಿ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗಿನಿಂದಲೇ ಚಿಪ್ಪು, ಕಲ್ಲು ಆಯುವ ಹುಚ್ಚು. ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಆತನಿಗೆ ಗುರುವಾಗಿ ಸಿಕ್ಕವನು ಅಂಟಾರ್ಕ್ಟಿಕದ ಹಿಮದಲ್ಲಿ ಸಂಗಾತಿಗಳಿಬ್ಬರನ್ನೂ ಕಳೆದುಕೊಂಡು ಒಂಟಿಯಾಗಿ ನಡೆದು ಬದುಕಿ ಬಂದ ಡಗ್ಲಸ್ ಮಾಸನ್. ಯುದ್ಧದ ಕಾಲದಲ್ಲಿ ಯುರೇನಿಯಂ ಹುಡುಕುವ ಗುಟ್ಟಿನ ಕೆಲಸಕ್ಕೆ ಮೌಂಟ್ ಪೇಂಟರ್ ಬೆಟ್ಟಗಳನ್ನು ಅಳೆದವನೂ ಇದೇ ಸ್ಪ್ರಿಗ್.

1947ರಲ್ಲಿ ಮೊದಲ ಪ್ರಬಂಧ ಅಚ್ಚಾಯಿತು. ಶೀರ್ಷಿಕೆಯಲ್ಲಿ ಕೇಂಬ್ರಿಯನ್ ಯುಗದ ಆದಿಯ ಲೋಳೆಮೀನುಗಳು ಎಂದು ಬರೆದು, ಯುಗದ ಹೆಸರಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದ. ನನಗೆ ಆ ಚಿಹ್ನೆಯ ಮೇಲೆ ತುಂಬ ಪ್ರೀತಿ. ಕಲ್ಲು ಅದಕ್ಕಿಂತ ಹಳೆಯದಿರಬಹುದು ಎಂಬ ಅನುಮಾನ ಅದರಲ್ಲಿದೆ, ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳದ ನಿಯತ್ತೂ ಇದೆ. ಒಂದು ಜೀವಿಗೆ ತನ್ನ ಮೇಲಧಿಕಾರಿ ಬೆನ್ ಡಿಕಿನ್ಸನ್ ಗೌರವಾರ್ಥ ಡಿಕಿನ್ಸೋನಿಯ ಎಂದು ಹೆಸರಿಟ್ಟ. ವೀಳ್ಯದೆಲೆಯಂತೆ ಚಪ್ಪಟೆ, ನಡುವೆ ಒಂದು ಗೆರೆ, ಅದರ ಎರಡೂ ಬದಿಗೆ ಹರಡಿದ ಸಾಲು ಸಾಲು ನೆರಿಗೆಗಳು. ಕೆಲವು ನಾಲ್ಕಡಿಗೂ ಉದ್ದ ಬೆಳೆದಿದ್ದವು!

ಲೋಕ ಕುಣಿದಾಡಬೇಕಿತ್ತು. ಲೋಕ ತಿರುಗಿಯೂ ನೋಡಲಿಲ್ಲ. ‘ನೇಚರ್’ ಪತ್ರಿಕೆ ಪ್ರಬಂಧವನ್ನು ಒಪ್ಪಲಿಲ್ಲ. 1948ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನಕ್ಕೆ ಸ್ಪ್ರಿಗ್ ಈ ಸುದ್ದಿ ಹೊತ್ತು ಹೋದರೆ ಅಲ್ಲೂ ಯಾರೂ ಹೆಚ್ಚು ಕಿವಿಗೊಡಲಿಲ್ಲ. ಇಂಥ ಅಚ್ಚುಗಳು ಅದಕ್ಕೂ ಮೊದಲು ಕಂಡಿರಲಿಲ್ಲ ಎಂದಲ್ಲ. ಕೆನಡದ ನ್ಯೂಫೌಂಡ್‌ಲೆಂಡಿನ ಆಸ್ಪಿಡೆಲ್ಲ ಎಂಬ ದುಂಡು ಗುರುತನ್ನು 1872ರಲ್ಲೇ ಬಣ್ಣಿಸಿದ್ದರು, ನಮೀಬಿಯದ ಮರುಭೂಮಿಯಲ್ಲೂ ಕೆಲವು ಸಿಕ್ಕಿದ್ದವು. ಅಷ್ಟು ಹಳೆಯ ಕಲ್ಲಿನಲ್ಲಿ ಪ್ರಾಣಿ ಇರಲಾರದು ಎಂಬ ನಂಬಿಕೆ ಎಲ್ಲವನ್ನೂ ಪಕ್ಕಕ್ಕೆ ಸರಿಸಿತ್ತು.

ಬೀಗ ತೆರೆದದ್ದು ಇಂಗ್ಲೆಂಡಿನ ಶಾಲಾಮಕ್ಕಳು! ಚಾರ್ನ್‌ವುಡ್ ಕಾಡಿನಲ್ಲಿ ಟೀನಾ ನೀಗಸ್ ಎಂಬ ಹುಡುಗಿ 1956ರಲ್ಲಿ ಬಂಡೆಯ ಮೇಲೆ ಗರಿಯಂಥ ಒಂದು ಅಚ್ಚು ಕಂಡು ಟೀಚರಿಗೆ ಹೇಳಿದರೆ, ಅಲ್ಲಿ ಪಳೆಯುಳಿಕೆ ಇರಲಿಕ್ಕೆ ಸಾಧ್ಯವೇ ಇಲ್ಲ ಎಂಬ ಉತ್ತರ ಸಿಕ್ಕಿತು. ಮರುವರ್ಷ ರಾಜರ್ ಮೇಸನ್ ಎಂಬ ಹುಡುಗನಿಗೂ ಅದೇ ಕಂಡಿತು, ಈ ಸಲ ಭೂವಿಜ್ಞಾನಿ ಟ್ರೆವರ್ ಫೋರ್ಡ್ ಕಿವಿಗೊಟ್ಟ. ಆ ಬಂಡೆ ಕೇಂಬ್ರಿಯನ್ ಯುಗಕ್ಕಿಂತ ಹಳೆಯದೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಅತ್ತ ಅಡಿಲೇಡಿನಲ್ಲಿ ಪಳೆಯುಳಿಕೆ ತಜ್ಞ ಮಾರ್ಟಿನ್ ಗ್ಲೆಸ್ನರ್ ಎಡಿಯಾಕರದ ಅಚ್ಚುಗಳನ್ನು ಹೊಸದಾಗಿ ನೋಡುತ್ತಿದ್ದ. ಅವುಗಳ ಪದರವೂ ಕೇಂಬ್ರಿಯನ್ ಕಲ್ಲಿಗಿಂತ ಕೆಳಗಿನದು ಎಂಬುದು ಖಚಿತವಾಯಿತು. ತಲೆಯಿದ್ದಂತೆ, ದೇಹ ತುಂಡು ತುಂಡಾಗಿ ಜೋಡಿಸಿದಂತೆ ಕಾಣುವ ಪುಟ್ಟ ಜೀವಿಯೊಂದಕ್ಕೆ 1958ರಲ್ಲಿ ಆತ ಸ್ಪ್ರಿಗ್ಗಿನಾ ಎಂದು ಹೆಸರಿಟ್ಟ. ಇಂದು ಅದು ದಕ್ಷಿಣ ಆಸ್ಟ್ರೇಲಿಯ ರಾಜ್ಯದ ಲಾಂಛನಗಳಲ್ಲೊಂದು.

ಅಷ್ಟರಲ್ಲಿ ಸ್ಪ್ರಿಗ್ ಎಲ್ಲಿದ್ದ? ಎಲ್ಲೆಲ್ಲೋ! 1954ರಲ್ಲಿ ಸ್ಯಾಂಟೋಸ್ ಎಂಬ ತೈಲ ಕಂಪನಿಯ ಹುಟ್ಟಿಗೆ ಕೈಜೋಡಿಸಿದ, ಸ್ವಂತದ ಭೂಸರ್ವೇಕ್ಷಣ ಕಂಪನಿ ನಡೆಸಿದ. 1962ರಲ್ಲಿ ಹೆಂಡತಿ ಗ್ರಿಸೆಲ್ಡಾ ಮತ್ತು ಮಕ್ಕಳನ್ನು ನಿಸಾನ್ ಪ್ಯಾಟ್ರೋಲ್ ಜೀಪಿನಲ್ಲಿ ಕೂರಿಸಿಕೊಂಡು, ಅದುವರೆಗೆ ಯಾವ ಮೋಟಾರು ವಾಹನವೂ ದಾಟಿರದಿದ್ದ ಸಿಂಪ್ಸನ್ ಮರುಭೂಮಿಯನ್ನು ದಾಟಿಬಿಟ್ಟ. 1968ರಲ್ಲಿ ಫ್ಲಿಂಡರ್ಸ್ ಸಾಲಿನ ಉತ್ತರದ ಆರ್ಕರೂಲ ಎಂಬ ಕುರಿ ಸಾಕುವ ಸೀಮೆಯನ್ನು ಕೊಂಡು ವನ್ಯಧಾಮ ಮಾಡಿದ. ಯುರೇನಿಯಂ ಹುಡುಕಲು ಹೋಗಿ ಮನಸೋತ ಬೆಟ್ಟಗಳವು. ಅಲ್ಲಿ ಗಣಿಗಾರಿಕೆಯೇ ಕೂಡದೆಂದು 2012ರಲ್ಲಿ ಕಾನೂನಾಗಿದೆ.

ಸ್ಪ್ರಿಗ್ ತೀರಿಕೊಂಡದ್ದು 1994ರಲ್ಲಿ. ಹತ್ತು ವರ್ಷಗಳ ನಂತರ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಭೂಮಿಯ ಪಂಚಾಂಗಕ್ಕೆ ಹೊಸದೊಂದು ಕಾಲಘಟ್ಟವನ್ನು ಸೇರಿಸಿತು. ಅಂಥ ಸೇರ್ಪಡೆ ನೂರಿಪ್ಪತ್ತು ವರ್ಷಗಳಲ್ಲಿ ಅದೇ ಮೊದಲು. ಸುಮಾರು 63.5 ಕೋಟಿ ವರ್ಷಗಳ ಹಿಂದಿನಿಂದ 53.9 ಕೋಟಿ ವರ್ಷಗಳ ಹಿಂದಿನವರೆಗಿನ ಆ ಅವಧಿಯ ಹೆಸರು ಎಡಿಯಾಕರನ್! ಜುರಾಸಿಕ್ ಎಂದರೆ ಹೇಗೋ ಹಾಗೆ ಆ ಬೋಳುಗುಡ್ಡಗಳ ಹೆಸರು ಈಗ ಲೋಕದ ಪಠ್ಯಪುಸ್ತಕಗಳಲ್ಲಿದೆ.

ಈ ಜೀವಿಗಳು ಪ್ರಾಣಿಗಳೇ ಹೌದೇ ಎಂಬ ಜಗಳವೂ ನಡೆದಿತ್ತು. ಪಾಚಿ ಎಂದವರಿದ್ದರು, ಕಲ್ಲುಹೂವೆಂದವರಿದ್ದರು. 2018ರಲ್ಲಿ ಇಲ್ಯಾ ಬೊಬ್ರೋವ್ಸ್ಕಿ ಮತ್ತು ಸಂಗಡಿಗರು ರಷ್ಯದ ಶ್ವೇತ ಸಮುದ್ರದ ದಂಡೆಯ ಡಿಕಿನ್ಸೋನಿಯದ ಮೇಲೆ ಉಳಿದಿದ್ದ ತೆಳು ಪೊರೆಯನ್ನು ಪರೀಕ್ಷಿಸಿದರು. ಸಿಕ್ಕಿದ್ದು ಕೊಲೆಸ್ಟರಾಲಿನ ಶೇಷ! ನಮ್ಮ ನಿಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಬರುವ ಅದೇ ಕೊಲೆಸ್ಟರಾಲ್, 55.8 ಕೋಟಿ ವರ್ಷಗಳಷ್ಟು ಹಳೆಯದು. ಪ್ರಾಣಿ ಎನ್ನಲು ಇನ್ನೇನು ಬೇಕು?

ನಮ್ಮ ದೇಶದಲ್ಲೂ ಎದೆ ಬಡಿತ ಏರಿಸಿದ ಒಂದು ಪ್ರಸಂಗ ನಡೆಯಿತು. ಮಧ್ಯಪ್ರದೇಶದ ಭೀಮ್‌ಬೆಟ್ಕಾ ಗುಹೆಯ ಮೇಲ್ಗೋಡೆಯಲ್ಲಿ ಡಿಕಿನ್ಸೋನಿಯ ಸಿಕ್ಕಿದೆ ಎಂದು 2021ರಲ್ಲಿ ಪ್ರಬಂಧ ಬಂತು. 2023ರಲ್ಲಿ ಬೇರೊಂದು ತಂಡ ಹತ್ತಿರದಿಂದ ಪರೀಕ್ಷಿಸಿ, ಅದು ಉದುರುತ್ತಿರುವ ಹೆಜ್ಜೇನಿನ ಹುಟ್ಟು ಎಂದು ತೋರಿಸಿತು. ಪಳೆಯುಳಿಕೆ ಎಂದಿದ್ದ ವಿಜ್ಞಾನಿಯೂ ಅದನ್ನು ಒಪ್ಪಿಕೊಂಡ. ಹೀಗೆ ತಿದ್ದಿಕೊಳ್ಳುವುದನ್ನು ನೋಡಿದಾಗ ಈ ವಿದ್ಯೆಯ ಮೇಲಿನ ನನ್ನ ಗೌರವ ಇಮ್ಮಡಿಯಾಗುತ್ತದೆ.

ಫ್ಲಿಂಡರ್ಸ್ ಸೀಮೆ ಅಡ್ನ್ಯಮತನ ಎಂಬ ಮೂಲನಿವಾಸಿ ಜನರ ನೆಲ. ಅಲ್ಲಿ 2020ರಲ್ಲಿ ಇಕಾರಿಯ ಎಂಬ ಕೆಲವೇ ಮಿಲಿಮೀಟರಿನ ಜೀವಿ ಬೆಳಕಿಗೆ ಬಂತು. ಮುಂದು-ಹಿಂದು, ಎಡ-ಬಲ ಎಂದು ದೇಹ ಸ್ಪಷ್ಟವಾಗಿ ವಿಂಗಡಗೊಂಡಿದ್ದ ಅತಿ ಹಳೆಯ ಪ್ರಾಣಿಗಳಲ್ಲೊಂದು ಅದು, ಮೀನಿಗೂ ಆನೆಗೂ ನಮಗೂ ಅದೇ ವಿಂಗಡಣೆ. ಅದೇ ಸೀಮೆಯ ನಿಲ್ಪೆನ ಎಂಬಲ್ಲಿ ವಿಜ್ಞಾನಿ ಮೇರಿ ಡ್ರೋಸರ್ ಮತ್ತು ಸಂಗಡಿಗರು ಪದರವೊಂದನ್ನು ಚೂರು ಚೂರಾಗಿ ಎತ್ತಿ, ಮಗುಚಿ, ಹೊಂದಿಸಿಡುತ್ತಾರೆ. ಆಗ ಆ ಕಡಲ ತಳ, ಯಾವ ಜೀವಿಯ ಪಕ್ಕ ಯಾವುದಿತ್ತೋ ಹಾಗೆಯೇ, ಕಣ್ಣಮುಂದೆ ಹರಡಿಕೊಳ್ಳುತ್ತದೆ. 2023ರಲ್ಲಿ ಆ ಜಾಗ ರಾಷ್ಟ್ರೀಯ ಉದ್ಯಾನವಾಗಿ ಜನರಿಗೆ ತೆರೆದಿದೆ. ಅಲ್ಲಿ ಮಗುಚಬೇಕಾದ ಚಪ್ಪಡಿಗಳು ಇನ್ನೂ ಇವೆ.